ಸಾಂಬ್ರಾಕ್ಕೋ, ಗೋಕುಲ ರೋಡಿಗೋ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯ ಗೋಕುಲ ರೋಡಿನ ನಿಲ್ದಾಣಕ್ಕೆ ನಕಾಶೆಯ ಮೇಲೆ ಪಟ್ಟಿ ಇಟ್ಟು ಗೆರೆ ಎಳೆದರೆ 75 ಕಿಲೋಮೀಟರ್ ಆಸುಪಾಸು. ಕಾರಿನಲ್ಲಿ ಹೊರಟರೆ ನೂರು ದಾಟುತ್ತದೆ. ಹೆದ್ದಾರಿಗೆ ಗೆರೆಯ ಹಂಗಿಲ್ಲ. ಅದು ಹುಬ್ಬಳ್ಳಿಯಿಂದ ಧಾರವಾಡವನ್ನು ಬಳಸಿಕೊಂಡು, ತೇಗೂರು, ಕಿತ್ತೂರು, ಎಂ.ಕೆ. ಹುಬ್ಬಳ್ಳಿ, ಹಿರೇಬಾಗೇವಾಡಿ ಎನ್ನುತ್ತ ವಾಯವ್ಯಕ್ಕೆ ಹೋಗುತ್ತದೆ. ಬೆಳಗಾವಿ ಮುಟ್ಟಿದರೂ ಕೆಲಸ ಮುಗಿಯಲಿಲ್ಲ. ಸಾಂಬ್ರಾ ಇರುವುದು ಊರಿನ ಮೂಡಲಿಗೆ, ಬಾಗಲಕೋಟೆ ರಸ್ತೆಯಲ್ಲಿ, ಹತ್ತು ಕಿಲೋಮೀಟರ್ ಆಚೆ. ಊರ ಗದ್ದಲ ಹೊಕ್ಕು ಹೊರಬಿದ್ದವರಿಗೇ ಅದು ಸಿಗುವುದು.

ಆ ಗೆರೆಯ ಸರಿಸುಮಾರು ನಟ್ಟನಡುವೆ, ಕಿತ್ತೂರಿನಿಂದ ತುಸು ಒಳಗೆ, ನಮ್ಮ ಊರು. ಎರಡೂ ನಿಲ್ದಾಣಕ್ಕೆ ನಮ್ಮ ಮನೆಯ ಕಟ್ಟೆಯಿಂದ ಇರುವ ದೂರದಲ್ಲಿ ಹತ್ತು ನಿಮಿಷದ ಹೆಚ್ಚುಕಡಿಮೆ, ಅಷ್ಟೇ. ಬೆಂಗಳೂರಿನಲ್ಲಿ ನೌಕರಿಗೆ ನಿಂತ ನಾನು ಊರಿಗೆ ಬರುತ್ತೇನೆ ಎಂದು ಫೋನ್ ಮಾಡಿದರೆ ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ಆರಾಮ ಇದ್ದೀಯೇನು ಎಂಬುದಲ್ಲ, "ಎಲ್ಲಿ ಇಳೀತಿ?"

ಉತ್ತರ ಏನು ಕೊಟ್ಟರೂ ಒಬ್ಬರಿಗೆ ಬೇಸರ. ಅಣ್ಣನದು ಬೆಳಗಾವಿ ಪಕ್ಷ. ಅವನ ಜೋಳ, ಬೆಲ್ಲ, ಬ್ಯಾಂಕು, ವಕೀಲರು, ಎಲ್ಲ ಅಲ್ಲೇ; ರವಿವಾರ ಪೇಟೆಯ ಅಂಗಡಿಗಳ ಗುರುತು ಅವನಿಗೆ ನಮ್ಮ ಓಣಿಯ ಮನೆಗಳಷ್ಟೇ ಇದೆ. ಅಕ್ಕನನ್ನು ಕೊಟ್ಟದ್ದು ಧಾರವಾಡಕ್ಕೆ. ಆದ್ದರಿಂದ ಮಾಮಾ ಹುಬ್ಬಳ್ಳಿ ಪಕ್ಷ. "ಬೈಪಾಸ್ ಹಿಡದ್ರ ಗೋಕುಲ ರೋಡ ಮುಂದನ ಐತಿ. ನಿಮ್ಮ ಸಾಂಬ್ರಾಕ್ಕ ಹೋಗಬೇಕಂದ್ರ ಇಡೀ ಬೆಳಗಾವಿ ಪ್ರದಕ್ಷಿಣಿ ಹಾಕಬೇಕು" ಎಂದು ಅವರು. "ಟೋಲ್ ಕಟ್ಟಿ ಆ ಇಕ್ಕಟ್ಟಿನ ಬೈಪಾಸ್‌ನಾಗ ಜೀವಾ ಕೈಯಾಗ ಹಿಡಕೊಂಡು ಹೋಗೂದ್ಯಾಕ?" ಎಂದು ಅಣ್ಣ. ನಾನು ಎಲ್ಲಿ ಇಳಿದೆನೆಂದು ಓಣಿಯ ಮಕ್ಕಳಿಗೆ ಗೊತ್ತಾಗುತ್ತಿದ್ದುದು ಕೈಯಲ್ಲಿನ ಪೊಟ್ಟಣದಿಂದ. ಕುಂದಾ ಇದ್ದರೆ ಸಾಂಬ್ರಾ, ಫೇಡೆ ಇದ್ದರೆ ಗೋಕುಲ ರೋಡ.

ಅಪ್ಪ ಮಾತ್ರ ಯಾವ ಪಕ್ಷಕ್ಕೂ ಸೇರಿದವರಲ್ಲ. ಅವರು ಕನ್ನಡ ಶಾಲೆಯ ಮಾಸ್ತರು, ಅದರಲ್ಲೂ ಲೆಕ್ಕದ ಮಾಸ್ತರು. ದೂರ, ವೇಗ, ವೇಳೆಯ ಪಾಠ ಬಂದಾಗ ಪುಸ್ತಕದಲ್ಲಿದ್ದ ದಿಲ್ಲಿ, ಆಗ್ರಾಗಳನ್ನು ಬದಿಗಿಟ್ಟು ತಮ್ಮದೇ ಲೆಕ್ಕ ಕಟ್ಟುತ್ತಿದ್ದರು. ಸಾಂಬ್ರಾದಿಂದ ಒಂದು ವಿಮಾನ ತಾಸಿಗೆ 300 ಕಿಲೋಮೀಟರ್ ವೇಗದಲ್ಲಿ ಹುಬ್ಬಳ್ಳಿಗೆ ಹೊರಟಿತು. ನಡುವಿನ ದೂರ 75 ಕಿಲೋಮೀಟರ್. ಎಷ್ಟು ಹೊತ್ತಿಗೆ ಮುಟ್ಟೀತು? ಪಾಟಿಯ ಮೇಲೆ 15 ನಿಮಿಷ ಎಂದು ಬರೆದು ನಾವು ಎದ್ದು ನಿಲ್ಲುತ್ತಿದ್ದೆವು. ಅಪ್ಪ ಸರಿ ಎಂದೂ ಅನ್ನುತ್ತಿರಲಿಲ್ಲ, ತಪ್ಪು ಎಂದೂ ಅನ್ನುತ್ತಿರಲಿಲ್ಲ. "ಮನಿಯಿಂದ ಸಾಂಬ್ರಾಕ್ಕ ಹೆಂಗ ಹೋದಿ? ಅದನ್ನ ಯಾರು ಕೂಡಸವ್ರು?" ಎಂದು ಕೇಳುತ್ತಿದ್ದರು. ಪಾಟಿ ಒರೆಸಿ ಮತ್ತೆ ಮೊದಲಿಂದ. ನಮ್ಮ ಊರಿನಿಂದ ಕಿತ್ತೂರಿಗೆ ಚಕ್ಕಡಿ, ಕಿತ್ತೂರಿನಿಂದ ಬೆಳಗಾವಿಗೆ ಕೆಂಪು ಬಸ್ಸು, ಬಸ್‌ಸ್ಟ್ಯಾಂಡಿನಿಂದ ಸಾಂಬ್ರಾಕ್ಕೆ ಟಾಂಗಾ. ಹದಿನೈದು ನಿಮಿಷದ ಲೆಕ್ಕ ಅರ್ಧ ದಿನಕ್ಕೆ ಬಂದು ನಿಲ್ಲುತ್ತಿತ್ತು. ವಿಮಾನ ಹತ್ತುವ ಯೋಗ ನಮ್ಮಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಎಷ್ಟು ಹೊತ್ತಾದರೂ ನಡೆಯುತ್ತಿತ್ತು.

ಸಾಂಬ್ರಾದ ಹೆಸರನ್ನು ನಾವು ಕೇಳಿದ್ದು ವಿಮಾನ ಹತ್ತುವ ಜಾಗವೆಂದಲ್ಲ, ಮಿಲಿಟರಿ ಜಾಗವೆಂದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಬ್ರಿಟಿಷರ ವಾಯುಪಡೆ ಕಟ್ಟಿದ ಪಟ್ಟಿ ಅದು. ಈಗಲೂ ವಾಯುಪಡೆಗೆ ಸೇರುವ ಏರ್‌ಮನ್‌ಗಳ ತರಬೇತಿ ಶಾಲೆ ಅಲ್ಲಿದೆ. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯ ಕಾಳಗ ನಡೆದಾಗ ಹಂಟರ್ ವಿಮಾನಗಳು ಹಾರಿದ್ದು ಇದೇ ಪಟ್ಟಿಯಿಂದ. ಅವ್ವ ಆಗಷ್ಟೇ ನಮ್ಮ ಊರಿಗೆ ಸೊಸೆಯಾಗಿ ಬಂದಿದ್ದಳಂತೆ. ಹೊಲದಲ್ಲಿದ್ದವರೆಲ್ಲ ಕೆಲಸ ಬಿಟ್ಟು ಮುಗಿಲು ನೋಡುತ್ತ ನಿಂತದ್ದನ್ನು ಆಕೆ ಹೇಳುತ್ತಿದ್ದಳು. ಯುದ್ಧ ಯಾರ ಮೇಲೆ ಎಂದು ಕೇಳಿದರೆ "ಪಡುವಣದವರ ಮ್ಯಾಲ" ಎನ್ನುತ್ತಿದ್ದಳು, ಪೋರ್ತುಗೀಜರೆಂಬ ಹೆಸರು ಅವಳ ನಾಲಿಗೆಗೆ ಒಗ್ಗಲಿಲ್ಲ. ಹುಬ್ಬಳ್ಳಿಯ ನಿಲ್ದಾಣ ಇದರ ಮುಂದೆ ತೀರ ಈಚಿನದು. 1974ರಲ್ಲಿ ಲೋಕೋಪಯೋಗಿ ಇಲಾಖೆಯವರು ಕಟ್ಟಿದ್ದು. ಅಣ್ಣ ವಾದದಲ್ಲಿ ಸೋಲುವ ಹಂತಕ್ಕೆ ಬಂದಾಗ ಈ 1942ನ್ನು ಹೊರಗೆ ತೆಗೆಯುತ್ತಾನೆ.

ಆ ಕಾಲದಲ್ಲಿ ಬೆಂಗಳೂರು ಎಂದರೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. ಕಿತ್ತೂರ ಚೆನ್ನಮ್ಮನ ಹೆಸರು ಹೊತ್ತ ಗಾಡಿ ಕಿತ್ತೂರಿಗೆ ಬರುವುದಿಲ್ಲ. ಕಿತ್ತೂರಿಗೆ ಹಳಿಯೇ ಇಲ್ಲ. ಬೆಳಗಾವಿ ಬಿಟ್ಟ ರೈಲು ಖಾನಾಪುರ, ಲೋಂಡಾ, ಅಳ್ನಾವರ ಎಂದು ಕಾಡೊಳಗೆ ಸುತ್ತು ಹಾಕಿ ಧಾರವಾಡಕ್ಕೆ ಬರುತ್ತದೆ. ನಾವು ಸಂಜೆಗೇ ಬಸ್ಸು ಹಿಡಿದು ಧಾರವಾಡಕ್ಕೆ ಬಂದು, ಸ್ಟೇಷನ್ನಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ರೊಟ್ಟಿ ತಿಂದು, ರಾಣಿಗಾಗಿ ಕಾಯುತ್ತಿದ್ದೆವು. ಮನೆಯ ಬಾಗಿಲಿನಿಂದ ಬೆಂಗಳೂರಿನ ಮನೆಯ ಬಾಗಿಲಿಗೆ ಒಂದು ರಾತ್ರಿ ಪೂರ್ತಿ, ಅದರ ಎರಡೂ ತುದಿಗೆ ಒಂದಿಷ್ಟು ಹಗಲು.

2003ರಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಶುರುವಾಯಿತು. ಪಂಖ ತಿರುಗುವ ಎಟಿಆರ್ ವಿಮಾನಗಳು ಹುಬ್ಬಳ್ಳಿಗೂ ಬರತೊಡಗಿದವು. ಅಪ್ಪ ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಬೆಂಗಳೂರಿಗೆ ಕರೆದೊಯ್ಯಲು ನಾನು ಟಿಕೆಟ್ ತೆಗೆಸಿದೆ ಎಂದಾಗ ರೊಕ್ಕ ಎಷ್ಟು ಎಂದು ಕೇಳಲಿಲ್ಲ, "ಎಷ್ಟು ತಾಸು?" ಎಂದರು. ಧೋತರ, ಕೋಟು, ಗಾಂಧಿ ಟೋಪಿ ಹಾಕಿಕೊಂಡು ಗೋಕುಲ ರೋಡಿನ ಆಗಿನ ಪುಟ್ಟ ಕಟ್ಟಡದ ಎದುರು ಇಳಿದರು. ಎಟಿಆರ್‌ಗೆ ಹತ್ತುವ ಬಾಗಿಲು ಹಿಂಬದಿಗೆ. "ಇದಕೂ ಹಿಂದನ ಬಾಗಲಾ?" ಎಂದು ನಕ್ಕು, ಕಿಟಕಿಯ ಪಕ್ಕ ಕುಳಿತರು. ವಿಮಾನ ಏರುತ್ತಿದ್ದಂತೆ ಅವರ ಕಣ್ಣು ಹೊಲ ಹುಡುಕುತ್ತಿತ್ತು. ಮಲಪ್ರಭೆ ಕಂಡರೆ ಸಾಕು, ಅಲ್ಲಿಂದ ನಮ್ಮ ಊರು ಗುರುತು ಹಿಡಿಯುತ್ತೇನೆ ಎಂದರು. ಆದರೆ ಬೆಂಗಳೂರಿನ ವಿಮಾನ ಆಗ್ನೇಯಕ್ಕೆ ತಿರುಗಿಬಿಡುತ್ತದೆ; ಕಿತ್ತೂರ ಸೀಮೆ ಬೆನ್ನಿಗೆ ಬೀಳುತ್ತದೆ. ಕೆಳಗೆ ಬೇರೆಯವರ ಕಪ್ಪು ಹೊಲಗಳು ಸರಿದುಹೋದವು. "ನಮ್ಮದು ಆ ಕಡೆ ಉಳೀತು" ಎಂದು ಕಿಸೆಯಿಂದ ಡೈರಿ ತೆಗೆದರು.

ಆ ಡೈರಿ ಈಗ ನನ್ನ ಹತ್ತಿರ ಇದೆ. ಮನೆ ಬಿಟ್ಟದ್ದು, ಗೋಕುಲ ರೋಡ ಮುಟ್ಟಿದ್ದು, ಕಾದದ್ದು, ಏರಿದ್ದು, ಇಳಿದದ್ದು, ಎಚ್‌ಎಎಲ್ ನಿಲ್ದಾಣದಿಂದ ನಮ್ಮ ಬಾಡಿಗೆ ಮನೆ ಮುಟ್ಟಿದ್ದು, ಒಂದರ ಕೆಳಗೊಂದು ಬರೆದು ಕೂಡಿಸಿದ್ದಾರೆ. ಒಟ್ಟು ಐದು ತಾಸಿನ ಒಳಗೆ. ಅದರಲ್ಲಿ ಆಕಾಶದಲ್ಲಿದ್ದದ್ದು ಒಂದು ತಾಸಿಗಿಂತ ಸ್ವಲ್ಪ ಹೆಚ್ಚು. ಉಳಿದುದೆಲ್ಲ ನೆಲದ ಮೇಲೆ. ಬದಿಗೆ ರಾಣಿ ಚೆನ್ನಮ್ಮನ ಲೆಕ್ಕವನ್ನೂ ಬರೆದು ಎರಡನ್ನೂ ಕಳೆದು ನೋಡಿದ್ದಾರೆ. ಉಳಿದ ತಾಸುಗಳ ಮುಂದೆ ಒಂದು ಟಿಪ್ಪಣಿ: ರೈಲಿನಲ್ಲಿ ನಿದ್ದೆ ಆಗುತ್ತದೆ, ಅದನ್ನು ವಜಾ ಮಾಡಬೇಕು.

2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಿಲ್ದಾಣ ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಹೋಯಿತು. ಆ ಮುಂದಿನ ಸಲ ಬಂದಾಗ ಅಪ್ಪ ಟ್ಯಾಕ್ಸಿಯಲ್ಲಿ ಹೆಬ್ಬಾಳ ದಾಟುವ ಹೊತ್ತಿಗೆ ಎರಡು ಸಲ ಗಡಿಯಾರ ನೋಡಿದರು. ಮನೆ ಮುಟ್ಟಿ ಕಾಲು ತೊಳೆದವರೇ ಡೈರಿ ಬಿಚ್ಚಿ, "ವಿಮಾನದ ವೇಗ ಅಷ್ಟ ಐತಿ. ಬೆಂಗಳೂರು ಹಿಂದಕ ಸರದೈತಿ" ಎಂದರು. ನಾವು ಹುಬ್ಬಳ್ಳಿಯೋ ಸಾಂಬ್ರಾವೋ ಎಂದು ಹತ್ತು ನಿಮಿಷಕ್ಕೆ ಜಗಳ ಆಡುತ್ತಿದ್ದ ಹೊತ್ತಿನಲ್ಲಿ ಆ ತುದಿಯಲ್ಲಿ ಒಂದು ತಾಸಿಗೂ ಹೆಚ್ಚು ಸದ್ದಿಲ್ಲದೆ ಬೆಳೆದಿತ್ತು. ಹೊಸ ನಿಲ್ದಾಣದ ಗಾಜು, ಕಲ್ಲು, ಅಂಗಡಿಗಳನ್ನು ನೋಡುವ ಉಮೇದಿನಲ್ಲಿ ಯಾರೂ ಅದನ್ನು ಕೂಡಿಸಿರಲಿಲ್ಲ.

ಹಾಗೆ ಶುರುವಾದ ಹಾರಾಟ ಹಾಗೇ ನಡೆಯಲೂ ಇಲ್ಲ. ಡೆಕ್ಕನ್ ಕಿಂಗ್‌ಫಿಷರ್‌ನ ಪಾಲಾಯಿತು. 2012ರಲ್ಲಿ ಕಿಂಗ್‌ಫಿಷರ್ ಕೂಡ ನೆಲಕ್ಕೆ ಕೂತಿತು. ಆಮೇಲೆ ಒಂದು ಕಂಪನಿ ಬಂದರೆ ಇನ್ನೊಂದು ಹೋಗುತ್ತಿತ್ತು. ಒಂದು ವರ್ಷ ಸಾಂಬ್ರಾ, ಒಂದು ವರ್ಷ ಹುಬ್ಬಳ್ಳಿ, ಕೆಲವೊಮ್ಮೆ ಎರಡೂ ಇಲ್ಲದೆ ಮತ್ತೆ ರಾತ್ರಿ ಬಸ್ಸು.

ಸಾಂಬ್ರಾಕ್ಕೆ ಹೊರಟು ಹುಬ್ಬಳ್ಳಿಯಲ್ಲಿ ಇಳಿದ ಪ್ರಸಂಗವನ್ನು ಹೇಳದಿದ್ದರೆ ಈ ಎರಡರ ನಡುವಿನ ದೂರ ಎಂಥದೆಂದು ತಿಳಿಯುವುದಿಲ್ಲ. ಒಂದು ಆಷಾಢ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಗ್ಗುಲಲ್ಲಿರುವ ಊರು; ಮಳೆಗಾಲದ ಮೋಡ ಅಲ್ಲಿ ನೆಲಕ್ಕೇ ಇಳಿದು ಕೂರುತ್ತದೆ. ಹುಬ್ಬಳ್ಳಿ ಬಯಲಿಗೆ ಹತ್ತಿರ, ಮಳೆಯೂ ಕಡಿಮೆ, ಮಂಜೂ ಕಡಿಮೆ. ಇಳಿಯುವ ವಿಮಾನ ಒಂದು ಎತ್ತರಕ್ಕೆ ಬರುವಷ್ಟರಲ್ಲಿ ಪೈಲಟ್‌ಗೆ ರನ್‌ವೇ ಕಣ್ಣಿಗೆ ಬೀಳಲೇಬೇಕು. ಬೀಳದಿದ್ದರೆ ಮತ್ತೆ ಮೇಲೇರಬೇಕು, ಅಲ್ಲಿ ಧೈರ್ಯಕ್ಕೆ ಬೆಲೆಯಿಲ್ಲ. ನಮ್ಮ ವಿಮಾನ ಬಿಳಿ ಮೋಡದೊಳಗೆ ಇಳಿಯಿತು, ಚಕ್ರ ಬಿಟ್ಟ ಸಪ್ಪಳ ಕೇಳಿತು, ಮತ್ತೆ ಮೂಗು ಎತ್ತಿತು. ಸುತ್ತು ಹಾಕಿ ಇನ್ನೊಮ್ಮೆ ನೋಡಿ, ಹುಬ್ಬಳ್ಳಿಗೆ ಹೋಗುತ್ತಿದ್ದೇವೆ ಎಂದು ಸಾರಿದರು. ಕಾಲು ತಾಸು ಆಗಿತ್ತೋ ಇಲ್ಲವೋ, ಗೋಕುಲ ರೋಡಿನಲ್ಲಿ ಎಳೆ ಬಿಸಿಲು. ಅಪ್ಪ ಕಟ್ಟಿದ ಲೆಕ್ಕ ನಾನು ಕೂತು ನೋಡಿದ್ದು ಅದೇ ಮೊದಲು, ಉತ್ತರವೂ ಸರಿಯಾಗಿಯೇ ಬಂದಿತ್ತು.

ಮೋಡ ಸರಿದರೆ ಹದಿನೈದೇ ನಿಮಿಷ ಎಂದು ನಾವು ಕಾದೆವು. ಆದರೆ ಹದಿನೈದು ನಿಮಿಷದ ಹಾರಾಟಕ್ಕೂ ವಿಮಾನ ಪೂರ್ತಿ ಏರಬೇಕು, ಪೂರ್ತಿ ಇಳಿಯಬೇಕು. ಇಂಧನ ಹೆಚ್ಚು ಕುಡಿಯುವುದು ಏರುವಾಗಲೇ. ಸಿಬ್ಬಂದಿಯ ಪಾಳಿ ಮುಗಿಯುತ್ತಿತ್ತು, ಆ ವಿಮಾನಕ್ಕಾಗಿ ಬೆಂಗಳೂರಿನಲ್ಲಿ ಬೇರೆ ಜನ ಕಾಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಂದು ಬಸ್ಸು ಬಂದು ನಿಂತಿತು. ಪಕ್ಕದ ಸೀಟಿನಲ್ಲಿದ್ದದ್ದು ಏರ್‌ಮನ್ ತರಬೇತಿಗೆ ಹೊರಟ ರಾಜಸ್ಥಾನದ ಹುಡುಗ. ನಾವು ಯಾವ ಜಿಲ್ಲೆಯಲ್ಲಿದ್ದೇವೆ ಎಂಬುದೇ ಅವನಿಗೆ ಗೊತ್ತಾಗಿರಲಿಲ್ಲ. ಸಂಜೆಯೊಳಗೆ ಹಾಜರಿ ಹಾಕಬೇಕು ಎಂದು ಟ್ರಂಕಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದ.

ಇತ್ತ ಅಣ್ಣ ಸಾಂಬ್ರಾದಲ್ಲಿ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ. "ಅಲ್ಲೇ ಇರು, ಹುಬ್ಬಳ್ಳಿಗೆ ಬರ್ತೇನಿ" ಎಂದ. ಅವನು ಹುಬ್ಬಳ್ಳಿಗೆ ಬರಬೇಕಾದರೆ ನಮ್ಮ ಊರ ಮುಂದೆಯೇ ಹಾದು ಬರಬೇಕು, ನನ್ನನ್ನು ಕೂರಿಸಿಕೊಂಡು ಅದೇ ಹಾದಿಯಲ್ಲಿ ತಿರುಗಿ ಹೋಗಬೇಕು. ಬೇಡ, ಕಿತ್ತೂರ ಕ್ರಾಸಿನಲ್ಲಿ ಇಳಿಯುತ್ತೇನೆ, ನೀನು ಮನೆಗೆ ನಡೆ ಎಂದೆ. ಬಸ್ಸಿನ ಜೊತೆಗಿದ್ದ ನಿಲ್ದಾಣದ ಹುಡುಗ ಒಪ್ಪಲಿಲ್ಲ. ಟಿಕೆಟ್ ಸಾಂಬ್ರಾಕ್ಕಿದೆ, ಸಾಮಾನು ಸಾಂಬ್ರಾದಲ್ಲೇ ಕೊಡಬೇಕು, ನಡುವೆ ಇಳಿಸುವ ಹಾಗಿಲ್ಲ. ಕಾಗದದ ಪ್ರಕಾರ ಅವನು ಹೇಳಿದ್ದು ಸರಿಯೇ. ಧಾರವಾಡ ದಾಟಿತು. ಟಾಟಾ ಕಾರ್ಖಾನೆ, ತೇಗೂರು ಬಂದವು. ಕಿತ್ತೂರ ಕೋಟೆಯ ಕಡೆಗೆ ತಿರುಗುವ ಕಮಾನು ಕಂಡಾಗ ಡ್ರೈವರ್ ಯಾರನ್ನೂ ಕೇಳದೆ ಬದಿಗೆ ಹಾಕಿ ನಿಲ್ಲಿಸಿದ. "ಇಳೀರಿ ಸಾಹೇಬ್ರ. ನಿಮ್ಮ ಮನಿ ಮುಂದ ಹಾದು ನಿಮ್ಮನ್ನ ಸಾಂಬ್ರಾಕ್ಕ ಒಯ್ದು ಬಿಟ್ರ ನಮಗ ಪಾಪ ಹತ್ತತೈತಿ" ಎಂದ. ಆ ಹುಡುಗ ಸಹಿ ಮಾಡಿಸಿಕೊಂಡು ಸೂಟ್‌ಕೇಸು ಇಳಿಸಿದ. ಉಳಿದವರು ಇನ್ನೂ ಒಂದೂವರೆ ತಾಸು ಕೂರಬೇಕಿತ್ತು. ನಾನು ಅಣ್ಣನಿಗಿಂತ ಮೊದಲೇ ಮನೆಯಲ್ಲಿದ್ದೆ. ವೈನಿ ಬಾಗಿಲಲ್ಲೇ ಕೈಚೀಲ ನೋಡಿ, ಇವತ್ತು ಫೇಡೆಯೂ ಇಲ್ಲ, ಕುಂದಾನೂ ಇಲ್ಲವಲ್ಲ ಎಂದಳು.

ನಮ್ಮ ಮನೆಯ ಜಗಳ ಬೀದಿಗೆ ಬಂದದ್ದು 2018ರಲ್ಲಿ. ಹಿಂದಿನ ವರ್ಷವಷ್ಟೇ ಎರಡೂ ಕಡೆ ಹೊಸ ಟರ್ಮಿನಲ್ ಆಗಿದ್ದವು. ಸಾಂಬ್ರಾದ್ದು ಸೆಪ್ಟೆಂಬರಿನಲ್ಲಿ, ಹುಬ್ಬಳ್ಳಿಯದು ಡಿಸೆಂಬರಿನಲ್ಲಿ. ಅದೇ ಹೊತ್ತಿಗೆ ಕೇಂದ್ರದ ಉಡಾನ್ ಯೋಜನೆ ನಡೆಯುತ್ತಿತ್ತು. ಒಂದು ತಾಸಿನ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರ 2,500 ರೂಪಾಯಿ ಆಸುಪಾಸಿಗೆ ಕಟ್ಟು, ಕಂಪನಿಗೆ ಆಗುವ ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬಿಕೊಡುವುದು. ಹುಬ್ಬಳ್ಳಿಗೆ ಉಡಾನ್ ಸಿಕ್ಕಿತು, ಬೆಳಗಾವಿಗೆ ಆಗ ಸಿಗಲಿಲ್ಲ. ಸಾಂಬ್ರಾದಿಂದ ಹಾರುತ್ತಿದ್ದ ಕಂಪನಿ ಗಂಟುಮೂಟೆ ಕಟ್ಟಿ ಹುಬ್ಬಳ್ಳಿಗೆ ಹೋಯಿತು. ಬೆಳಗಾವಿಯಲ್ಲಿ ವ್ಯಾಪಾರಿಗಳು, ಕಾರ್ಖಾನೆಯವರು ಸಭೆ ಮಾಡಿದರು, ಮನವಿ ಕೊಟ್ಟರು. ಅಣ್ಣ ಮಾಮಾನ ಜೊತೆ ಎರಡು ಹಬ್ಬ ಸರಿಯಾಗಿ ಮಾತಾಡಲಿಲ್ಲ. ಮರುವರ್ಷದ ಜನವರಿಯಲ್ಲಿ ಉಡಾನ್‌ನ ಮೂರನೇ ಸುತ್ತಿನಲ್ಲಿ ಬೆಳಗಾವಿಗೆ ಹತ್ತಕ್ಕೂ ಹೆಚ್ಚು ಮಾರ್ಗ ಸಿಕ್ಕವು. ಹೈದರಾಬಾದ್, ತಿರುಪತಿ, ಮೈಸೂರು, ಇಂದೋರ್ ಎಂದು ಅಣ್ಣ ಹೆಸರುಗಳನ್ನು ಜಪದಂತೆ ಹೇಳಿದ. ಅವನು ಎಂದೂ ಇಂದೋರಿಗೆ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಮೂರು ವರ್ಷದ ಅವಧಿ ಮುಗಿಯುತ್ತ ಬಂದಂತೆ ಆ ಹೆಸರುಗಳಲ್ಲಿ ಹಲವು ಒಂದೊಂದಾಗಿ ಫಲಕದಿಂದ ಇಳಿದವು.

ಒಂದೇ ಬಾವಿಗೆ ಎರಡೂರಿನವರು ಹಗ್ಗ ಬಿಟ್ಟಂತೆ ಇದು. ನೀರು ಯಾರ ಕೊಡಕ್ಕೆ ಬಂದರೂ ಬಾವಿಯಲ್ಲಿ ಇರುವುದು ಅಷ್ಟೇ ಎಂಬುದು ನನ್ನ ಅನಿಸಿಕೆ. ಬೈಲಹೊಂಗಲ, ಸವದತ್ತಿ, ಕಿತ್ತೂರು, ಖಾನಾಪುರದ ಜನ ಎರಡನ್ನೂ ಬಳಸುತ್ತಾರೆ. ಟಿಕೆಟ್ ಅಗ್ಗವಾದ ಕಡೆ ಹೋಗುತ್ತಾರೆ. ಗೋವಾದ ಮೋಪಾದಲ್ಲಿ 2023ರ ಜನವರಿಯಿಂದ ವಿಮಾನ ಹಾರತೊಡಗಿದ ಮೇಲಂತೂ ಚೋರ್ಲಾ ಘಾಟ್ ಇಳಿದು ಅಲ್ಲಿಗೇ ಹೋಗುವ ಬೆಳಗಾವಿಯವರಿದ್ದಾರೆ. ಎರಡೂ ಊರಿನ ಮುಖಂಡರು ರನ್‌ವೇ ಎಷ್ಟು ಉದ್ದ, ಟರ್ಮಿನಲ್ ಎಷ್ಟು ಅಗಲ ಎಂದು ಹೇಳುವುದನ್ನು ಕೇಳಿದ್ದೇನೆ. ಕಿತ್ತೂರಿನಿಂದ ಈ ಎರಡರಲ್ಲಿ ಒಂದಕ್ಕಾದರೂ ನೇರ ಬಸ್ಸು ಬಿಡಿ ಎಂದು ಒಬ್ಬರೂ ವೇದಿಕೆಯ ಮೇಲೆ ಅಂದದ್ದು ಕೇಳಿಲ್ಲ.

ಅಣ್ಣ ಹೇಳುತ್ತಿದ್ದ ಬೈಪಾಸಿನ ಮಾತು ಒಂದು ದಿನ ಜಗಳದ ಮಾತಾಗಿ ಉಳಿಯಲಿಲ್ಲ. ನಾಲ್ಕು ಪಥದ ಹೆದ್ದಾರಿ ಹುಬ್ಬಳ್ಳಿ–ಧಾರವಾಡದ ನಡುವೆ ಮಾತ್ರ ಎರಡು ಪಥಕ್ಕೆ ಇಳಿಯುತ್ತಿತ್ತು, ನಡುವೆ ವಿಭಜಕವೂ ಇಲ್ಲ. 2021ರ ಜನವರಿ 15ರಂದು, ಸಂಕ್ರಾಂತಿಯ ಮರುದಿನ ಬೆಳಿಗ್ಗೆ, ಇಟಿಗಟ್ಟಿ ಬಳಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೋ ಟಿಪ್ಪರಿಗೆ ಡಿಕ್ಕಿಯಾಯಿತು. ಶಾಲೆಯಲ್ಲಿ ಕೂಡಿ ಕಲಿತ ಹೆಂಗಸರು, ವರ್ಷಗಳ ಮೇಲೆ ಒಟ್ಟಿಗೆ ಹೊರಟವರು. ಆ ಸಂಜೆ ಮಾಮಾ ಫೋನ್ ಮಾಡಿದರು. ಯಾವ ನಿಲ್ದಾಣವೆಂದು ಕೇಳಲಿಲ್ಲ. "ಇನ್ ಮ್ಯಾಲ ರಾತ್ರಿ ವಿಮಾನ ತಗೋಬ್ಯಾಡ್ರಿ. ಹಗಲಿನ್ಯಾಗ ಬರ್ರಿ" ಎಂದಷ್ಟೇ ಹೇಳಿದರು. ರಸ್ತೆ ಅಗಲ ಮಾಡುವ ಕೆಲಸ ಆಮೇಲೆ ಶುರುವಾಯಿತು.

ಈಗ ಮನೆಯಲ್ಲಿ ವಾದದ ವಿಷಯ ರೈಲು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ನೇರ ಹಳಿ, 73 ಕಿಲೋಮೀಟರ್. ಬೆಳಗಾವಿಯ ಸಂಸದರೂ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು ಹಿಂದೆ ಬಿದ್ದು ಮಾಡಿಸಿದ ಯೋಜನೆ. 2020ರಲ್ಲಿ ಮಂಜೂರಾಯಿತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಕೋವಿಡ್‌ನಿಂದ ತೀರಿಕೊಂಡರು. ಹಳಿ ಹಾಯುವ ದಾರಿಯಲ್ಲಿ ನೀರಾವರಿ ಭೂಮಿ ಕಳೆದುಕೊಳ್ಳುವ ರೈತರ ವಿರೋಧವೂ ಇದೆ, ಅದು ಸುಮ್ಮನೆ ತಳ್ಳಿಹಾಕುವ ವಿರೋಧವಲ್ಲ. ಹೋದ ದೀಪಾವಳಿಗೆ ಎಲ್ಲರೂ ಕೂಡಿದ್ದಾಗ ಅಣ್ಣನ ಮಗ ಮೊಬೈಲಿನಲ್ಲಿ ನಕಾಶೆ ತೆಗೆದು ತೋರಿಸಿದ. ಹಳಿ ಬಂದರೆ ಬೆಳಗಾವಿ–ಹುಬ್ಬಳ್ಳಿ ನಡುವೆ ಒಂದೇ ತಾಸು. ಆಗ ವಿಮಾನ ಎಲ್ಲಿ ಇಳಿದರೇನು, ಎರಡೂ ಒಂದೇ ಊರಿದ್ದಂತೆ ಎಂದು ಅವನ ವಾದ. ಅಣ್ಣ, ಮಾಮಾ ಇಬ್ಬರೂ ತಲೆದೂಗಿದರು. ಅವರಿಬ್ಬರೂ ಒಂದೇ ಮಾತಿಗೆ ತಲೆದೂಗಿದ್ದು ನಾನು ನೋಡಿರಲಿಲ್ಲ.

ಕಡುಬಿಗೆ ತುಪ್ಪ ಹಾಕುತ್ತಿದ್ದ ಅಕ್ಕ ಕೇಳಿದಳು, "ಅದೆಲ್ಲಾ ಖರೇ. ಕಿತ್ತೂರ ಸ್ಟೇಷನ್ನದಿಂದ ಮನಿಗೆ ಹೆಂಗ ಬರ್ತೀರಿ? ಅದನ್ನ ಯಾರು ಕೂಡಸವ್ರು?"

"ನಾ ಗಾಡಿ ತರ್ತೇನಿ" ಎಂದ ಅಣ್ಣ. "ನೀವ್ಯಾಕ? ನಾ ಧಾರವಾಡದಿಂದ ಬರೂವಾಗ ಹಂಗ ಕರ್ಕೊಂಡ ಬರ್ತೇನಿ" ಎಂದರು ಮಾಮಾ.